ಗುರುಬಸವ್ವ ಜೋಡಿಸಿದ ಕೊರಡುಗಳು

ಲಿವರ್‌ಮೋರ್‌ನ ಆ ಮನೆಯಲ್ಲಿ ಗುರುಬಸವ್ವನ ದಿನ ಶುರುವಾಗುತ್ತಿದ್ದುದು ಗಾಜು ಒರೆಸುವುದರಿಂದ. ಮುಂದಿನ ಕೋಣೆಯ ಮೂಲೆಯಲ್ಲಿ ಒಂದು ಗ್ಯಾಸಿನ ಒಲೆ ಇತ್ತು. ಅಡುಗೆಯ ಒಲೆಯಲ್ಲ, ಮನೆ ಬೆಚ್ಚಗಿಡುವ ಒಲೆ. ಕಪ್ಪು ಕಬ್ಬಿಣದ ಪೆಟ್ಟಿಗೆ, ನಾಲ್ಕು ಗಿಡ್ಡ ಕಾಲು, ಮುಂದೆ ಗಾಜಿನ ಬಾಗಿಲು, ಒಳಗೆ ಕಟ್ಟಿಗೆಯ ಹಾಗೆ ಕಾಣುವ ಐದು ಸೆರಾಮಿಕ್ ಕೊರಡುಗಳು. ಗುಂಡಿ ಒತ್ತಿದರೆ ಕೊರಡುಗಳ ಸಂದಿಯಿಂದ ಉರಿ ಏಳುತ್ತಿತ್ತು. ಉರಿದ ಗಾಳಿ ಹಿಂದಿನ ಕೊಳವೆಯಿಂದ ಗೋಡೆಯಾಚೆ ಹೋಗುತ್ತಿತ್ತು. ಮಕ್ಕಳ ಕೈ ತಾಗಬಾರದೆಂದು ಸುತ್ತ ಜಾಲರಿ ನಿಲ್ಲಿಸಿದ್ದರು. ಚಳಿಗಾಲದಲ್ಲಿ ಹೊರಗಿನ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಏಳೂವರೆಗೆ ಮಕ್ಕಳು ಬರುವಷ್ಟರಲ್ಲಿ ಕೋಣೆ ಬೆಚ್ಚಗಾಗಿರಬೇಕು, ಗಾಜಿನ ಮೇಲೆ ಒಂದು ಚುಕ್ಕೆಯೂ ಇರಬಾರದು. ಇದು ಅವಳ ಕಟ್ಟುನಿಟ್ಟು.

ಗದಗದ ಕಡೆಯ ಹೆಂಗಸು ಅವಳು. ವಯಸ್ಸು ಅರವತ್ಮೂರು. ಮಗ ಶಶಿಧರನ ಮನೆಗೆ ಗಂಡ ಅಡಿವೆಪ್ಪನ ಜೊತೆ ಬಂದು ಹದಿನಾಲ್ಕು ವರ್ಷವಾಗಿತ್ತು. ಸೊಸೆ ನಿವೇದಿತಾ ಮೆನ್ಲೋ ಪಾರ್ಕಿನ ಆಫೀಸಿಗೆ ಫ್ರೀವೇಯಲ್ಲಿ ಕಾರು ತುಂಬುವ ಮೊದಲೇ ಹೊರಡುತ್ತಿದ್ದಳು. ಹಾಗಾಗಿ ಮೊಮ್ಮಗಳನ್ನು ಬೆಳೆಸಿದವಳು ಗುರುಬಸವ್ವನೇ. ಆ ಹುಡುಗಿ ಶಾಲೆಗೆ ಹೋಗುವಂತಾದ ಮೇಲೆ ಆಚೀಚೆ ಮನೆಗಳ ಕೂಸುಗಳು ಬಂದವು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಕೊನೆಗೆ ಸೊಸೆಯೇ ಓಡಾಡಿ ಮನೆಯ ಡೇಕೇರಿಗೆ ಲೈಸೆನ್ಸು ಮಾಡಿಸಿದಳು. ಅದಕ್ಕಾಗಿ ಗುರುಬಸವ್ವ ಎರಡು ಶನಿವಾರ ತರಗತಿಯಲ್ಲಿ ಕೂತು ಬಂದಳು. ಇಂಗ್ಲಿಷು ಅರ್ಧ ತಿಳಿಯಿತು, ಉಳಿದರ್ಧವನ್ನು ನಿವೇದಿತಾ ಮನೆಗೆ ಬಂದು ಬಿಡಿಸಿ ಹೇಳಿದಳು. ಅಲಾರಮ್ಮು ಮೂರು ಸಲ ಕೂಗಿ ನಿಂತರೆ ಬೆಂಕಿ, ನಾಲ್ಕು ಸಲ ಕೂಗಿ ನಿಂತರೆ ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಹೊಡೆಯದ, ಉಸಿರಿನಲ್ಲೇ ಜೀವ ತೆಗೆಯುವ ಕೆಟ್ಟ ಗಾಳಿ. ಆಗ ಏನನ್ನೂ ಹುಡುಕುತ್ತ ಕೂರದೆ ಮಕ್ಕಳನ್ನು ಹೊರಗೆ ಒಯ್ಯಬೇಕು, ಫೋನು ಆಮೇಲೆ. ಈ ಪಾಠ ಅವಳಿಗೆ ಬಾಯಿಪಾಠವಾಗಿತ್ತು.

ತನ್ನ ಕೈಯಲ್ಲಿ ಬೆಳೆದ ಒಂದು ಕೂಸಿಗೂ ಒಂದು ಗೀರು ಬಿದ್ದಿಲ್ಲ ಎಂದು ಅವಳು ಹೊಸದಾಗಿ ಬಂದ ತಾಯಂದಿರಿಗೆ ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು.

ಪ್ರತಿ ಸೆಪ್ಟೆಂಬರಿನಲ್ಲಿ ಅಡಿವೆಪ್ಪ ಒಲೆ ಅಂಗಡಿಗೆ ಫೋನು ಮಾಡುತ್ತಿದ್ದ. ಹೆಕ್ಟರ್ ಎಂಬ ವಯಸ್ಸಾದ ಮೆಕ್ಯಾನಿಕ್ಕು ಬಂದು ಗಾಜು ಬಿಚ್ಚಿ, ಧೂಳು ತೆಗೆದು, ಕೊಳವೆ ನೋಡಿ, ಮತ್ತೆ ಎಲ್ಲವನ್ನೂ ಇದ್ದ ಹಾಗೆ ಕೂರಿಸಿ ಹೋಗುತ್ತಿದ್ದ. ಅಡಿವೆಪ್ಪ ತೀರಿಕೊಂಡ ಮೇಲೆ ಫೋನು ಮಾಡುವವರು ಇಲ್ಲವಾಯಿತು. ಒಂದೆರಡು ಸಲ ಶಶಿಧರ ನೆನಪು ಮಾಡಿದ. ನಮ್ಮ ಮನೆಯ ಮಸಿ ಒರೆಸಲು ಹೊರಗಿನವರು ಯಾಕೆ ಬೇಕು ಎಂದು ಅವ್ವನೇ ಅವನ ಬಾಯಿ ಮುಚ್ಚಿಸಿದಳು. ತಾನಿರುವ ಮನೆಯನ್ನು ಬೇರೆಯವರು ಬಂದು ಸ್ವಚ್ಛ ಮಾಡುವುದೆಂದರೆ ಅವಳಿಗೆ ಒಂಥರಾ ಅವಮಾನ.

ಅಕ್ಟೋಬರಿನ ಒಂದು ಭಾನುವಾರ, ಮಗ ಸೊಸೆ ಹೊರಗೆ ಹೋಗಿದ್ದಾಗ, ಅವಳೇ ಗಾಜಿನ ಕ್ಲಿಪ್ಪು ತೆಗೆದಳು. ಕೊರಡುಗಳನ್ನು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಬ್ರಷ್ಷಿನಿಂದ ಉಜ್ಜಿದಳು. ಗಾಜಿನ ಚೌಕಟ್ಟಿನ ಸುತ್ತ ಬಿಳಿ ಹಗ್ಗದಂಥ ಅಂಚು ಇತ್ತು. ಒಂದು ಕಡೆ ಅದು ಬಿರಿದು ಎಳೆ ಜೋತಾಡುತ್ತಿತ್ತು. ಕುಪ್ಪಸದ ದಾರ ಕತ್ತರಿಸುವ ಹಾಗೆ ಅದನ್ನು ಕತ್ತರಿಯಿಂದ ಗೇಣುದ್ದ ಕತ್ತರಿಸಿ ಹಾಕಿದಳು. ಕೊರಡು ವಾಪಸ್ ಇಡುವಾಗ ಕೆಳಗಿನ ಸಣ್ಣ ಮೊಳೆಗಳು ಅಡ್ಡ ಬಂದವು. ಒಂದು ಕೊರಡು ಅಲ್ಲಾಡಿತು. ಅದನ್ನು ಬೋರಲು ಹಾಕಿದಳು. ಉರಿ ಹತ್ತುವಂತೆ ಕಟ್ಟಿಗೆ ಒಡ್ಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಡುಗಿಯಾಗಿದ್ದಾಗ ದಿನಕ್ಕೆ ಎರಡು ಹೊತ್ತು ಒಲೆ ಹೂಡಿದವಳು. ಎರಡು ಕೆಳಗೆ, ಎರಡು ಅಡ್ಡ, ಒಂದು ಮೇಲೆ. ಗುಂಡಿ ಒತ್ತಿದಾಗ ಉರಿ ಹಿಂದೆಂದೂ ಏಳದಷ್ಟು ಎತ್ತರಕ್ಕೆ ಎದ್ದಿತು, ಹಳದಿಯಾಗಿ, ಮೆಲ್ಲಗೆ ಬಳುಕುತ್ತ. ಮೊದಲಿದ್ದ ಗಿಡ್ಡ ನೀಲಿ ಉರಿಯ ಮುಂದೆ ಇದು ನಿಜವಾದ ಬೆಂಕಿಯ ಹಾಗಿತ್ತು.

ಮರುದಿನ ಮಗಳು ಮಾನ್ಯಾಳನ್ನು ಡೇಕೇರಿಗೆ ಬಿಡಲು ಬಂದ ಇಂದು ಎಂಬ ತಾಯಿ ಅಲ್ಲೇ ನಿಂತುಬಿಟ್ಟಳು. ಯಾವುದೋ ರೆಸಾರ್ಟಿನ ಹಾಗಿದೆ ಆಂಟಿ ಎಂದು ವೀಡಿಯೋ ಮಾಡಿಕೊಂಡಳು. ಗುರುಬಸವ್ವ ಸೆರಗು ಸರಿಮಾಡಿಕೊಂಡು, ತಾನೇ ಒಪ್ಪ ಮಾಡಿದ್ದು ಎನ್ನಲು ಹೊರಟು, ಜಂಬ ಅನಿಸೀತೆಂದು ಸುಮ್ಮನಾದಳು.

ಅಂದಿನಿಂದ ಗಾಜು ಕಪ್ಪಾಗತೊಡಗಿತು. ಮೊದಲು ದಿನಕ್ಕೊಮ್ಮೆ ಬಟ್ಟೆ ಆಡಿಸಿದರೆ ಸಾಕಿತ್ತು, ಆಮೇಲೆ ದಿನವೂ ಉಜ್ಜಿ ತೆಗೆಯಬೇಕಾಯಿತು. ಒಲೆ ಇದ್ದ ಮೇಲೆ ಮಸಿ ಇರುವುದೇ ಎಂದುಕೊಂಡು, ಒಲೆ ಹಚ್ಚುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿಡುತ್ತಿದ್ದಳು. ಅದನ್ನು ಯಾರೂ ನೋಡಲಿಲ್ಲ, ಅವಳು ಯಾರಿಗೂ ಹೇಳಲೂ ಇಲ್ಲ.

ಇನ್ನೊಂದು ಕೆಲಸವನ್ನೂ ಅವಳು ಯಾರಿಗೂ ಹೇಳದೆ ಮಾಡಿದ್ದಳು. ಅಡುಗೆಮನೆಯ ಹೊರಗಿನ ಗೋಡೆಯಲ್ಲಿ ಬಿಳಿ ತಟ್ಟೆಯಂಥ ಅಲಾರಮ್ಮು ಇತ್ತು. ಹೊಗೆಗೂ ಕೂಗುತ್ತಿತ್ತು, ಆ ಕೆಟ್ಟ ಗಾಳಿಗೂ ಕೂಗುತ್ತಿತ್ತು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರಂತೂ ಮನೆ ಹಾರಿಹೋಗುವಂತೆ ಕಿರುಚಿ, ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸುತ್ತಿತ್ತು. ಡಿಸೆಂಬರಿನಲ್ಲಿ ಒಂದು ದಿನ ಬೇಸತ್ತು ಅದನ್ನು ತಿರುವಿ ತೆಗೆದು, ಹಾಸಿಗೆಯ ಬೀರುವಿನಲ್ಲಿ ಎರಡು ಕೌದಿಗಳ ನಡುವೆ ಇಟ್ಟಳು. ಬ್ಯಾಟರಿ ತೆಗೆಯಲು ಬರುವಂಥದ್ದಲ್ಲ ಅದು, ಇಲ್ಲದಿದ್ದರೆ ಅದನ್ನೂ ತೆಗೆದಿರುತ್ತಿದ್ದಳು. ಗೋಡೆ ಖಾಲಿ ಇದ್ದದ್ದನ್ನು ಮಗ ಸೊಸೆ ಗಮನಿಸಲೇ ಇಲ್ಲ.

ಜನವರಿಯ ಒಂದು ಮಂಗಳವಾರ, ವಾರದಿಂದ ಹಿಡಿದಿದ್ದ ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡೇ ಅವಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಹೊರಗೆ ಚಳಿ ಜೋರಾಗಿದ್ದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಹತ್ತು ಗಂಟೆಗೆ ಎರಡು ವರ್ಷದ ಮಾನ್ಯಾ ವಾಂತಿ ಮಾಡಿಕೊಂಡಳು. ನಾಲ್ಕು ವರ್ಷದ ಯಶಸ್ ಆಟ ಬಿಟ್ಟು ಬಂದು, "ಅಜ್ಜಿ, ಮೈ ಹೆಡ್ ಈಸ್ ಔಚ್," ಎಂದು ಅವಳ ಮೊಣಕಾಲಿಗೆ ಒರಗಿದ. ಉಳಿದ ಇಬ್ಬರು ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಹೋಗಿದ್ದರು. ಯಾವುದೋ ಜ್ವರ ಸುತ್ತುತ್ತಿದೆ ಎಂದುಕೊಂಡು ಮಾನ್ಯಾಳಿಗೆ ಹೊದಿಸಲು ಕೌದಿ ತರಲು ಹೋದಳು. ಬೀರುವಿನ ಬಾಗಿಲು ತೆರೆದರೆ ಒಳಗಿನಿಂದ ಉಸಿರು ಕಟ್ಟಿದ ಹಾಗೆ ಕೂಗು ಬರುತ್ತಿತ್ತು. ಕೈಹಾಕಿ ಗುಂಡಿ ಒತ್ತಿದಳು. ಅದು ಸುಮ್ಮನಾಯಿತು. ಒಗ್ಗರಣೆಯ ಹೊಗೆ ಇರಬೇಕು ಎಂದುಕೊಂಡು, ಕೌದಿಯನ್ನೂ ಮರೆತು ಬಾಗಿಲು ಮುಚ್ಚಿದಳು. ಅಂದು ಅವಳು ಒಗ್ಗರಣೆಯನ್ನೇ ಹಾಕಿರಲಿಲ್ಲ. ಮಕ್ಕಳಿಗೆ ಬರೀ ಗಂಜಿ ಮಾಡಿದ್ದಳು. ಅದು ಅವಳಿಗೆ ಗೊತ್ತಿತ್ತು.

ಹತ್ತು ನಿಮಿಷದ ಮೇಲೆ ಕೌದಿಗೆಂದು ಮತ್ತೆ ಬೀರು ತೆರೆದಾಗ ಅದು ಮತ್ತೆ ಕೂಗುತ್ತಿತ್ತು. ಈ ಸಲ ಅವಳು ನಿಂತು ಎಣಿಸಿದಳು. ನಾಲ್ಕು, ಆಮೇಲೆ ಮೌನ. ಮತ್ತೆ ನಾಲ್ಕು.

ಮಲಗಿದ್ದ ಇಬ್ಬರನ್ನು ಹೇಗೆ ಎತ್ತಿದಳೋ, ಮಾನ್ಯಾಳನ್ನು ಕೌದಿಯಲ್ಲಿ ಹೇಗೆ ಸುತ್ತಿಕೊಂಡಳೋ ಅವಳಿಗೇ ನೆನಪಿಲ್ಲ. ಯಶಸ್‌ನನ್ನು ಮುಂದೆ ದೂಡಿಕೊಂಡು ಮೂರು ಸಲ ಒಳಗೂ ಹೊರಗೂ ಓಡಾಡಿದಳು. ಎದುರು ಮನೆಯ ಹೆಂಗಸು ನೋಡಿ ಫೋನು ಮಾಡಿದಳು. ಅಗ್ನಿಶಾಮಕದವರು ಬಂದು ಒಳಗಿನ ಗಾಳಿ ಅಳೆದು, ಗ್ಯಾಸು ನಿಲ್ಲಿಸಿ, ಕಿಟಕಿ ತೆರೆದರು. ಮಕ್ಕಳ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಆಸ್ಪತ್ರೆಗೂ ಕಳಿಸಿದರು. ಸಂಜೆಯ ಹೊತ್ತಿಗೆ ನಾಲ್ವರಿಗೂ ಏನೂ ಆಗಿಲ್ಲ ಎಂದು ತಿಳಿಯಿತು.

ಆದರೆ ಅದಕ್ಕೂ ಮೊದಲು, ಹುಲ್ಲಿನ ಮೇಲೆ ನಿಂತಿದ್ದಾಗ, ಅಗ್ನಿಶಾಮಕದವನೊಬ್ಬ ಅವಳ ಕೈ ನೋಡಿದ. ಕೌದಿಯ ಜೊತೆ ಅಲಾರಮ್ಮೂ ಅವಳ ಕೈಯಲ್ಲಿ ಬಂದಿತ್ತು. ಗೋಡೆಯಿಂದ ಕಿತ್ತುಕೊಂಡು ಬಂದೆಯಾ ಎಂದು ಅವನು ಕೇಳಿದ. ಗುರುಬಸವ್ವ ಹೌದೆಂದು ತಲೆಯಾಡಿಸಿದಳು. ಒಳ್ಳೆಯ ಕೆಲಸ ಮಾಡಿದೆ ಅಜ್ಜಿ ಎಂದು ಅವನು ಅವಳ ಬೆನ್ನು ತಟ್ಟಿದ. ಆಮೇಲೆ ಮಕ್ಕಳ ಕೋಟು ತರಲು ಒಳಗೆ ಬಿಟ್ಟಾಗ ಅವಳು ಅದನ್ನು ಮತ್ತೆ ಗೋಡೆಗೆ ತಿರುವಿ ಹಾಕಿದಳು.

ಮುಂದಿನ ಮೂರು ದಿನ ಅವಳ ಪಾಲಿಗೆ ಬಂದದ್ದೆಲ್ಲ ಹೊಗಳಿಕೆ. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು. ಇಂದು ಹೂವು ತಂದುಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಲೈಸೆನ್ಸಿನ ಆಫೀಸಿಗೆ ಕಳಿಸಬೇಕಾದ ವರದಿಯಲ್ಲಿ ನಿವೇದಿತಾ, ಅಲಾರಮ್ಮು ಗೋಡೆಯಲ್ಲೇ ಇತ್ತು, ಕೂಗಿದ ತಕ್ಷಣ ಮಕ್ಕಳನ್ನು ಹೊರಗೆ ಒಯ್ದರು ಎಂದು ಬರೆದು ಸಹಿ ಹಾಕಿದಳು. ಗುರುಬಸವ್ವನಿಗೆ ಊಟ ಸೇರಲಿಲ್ಲ. ಯಾರಾದರೂ ಹೊಗಳಿದರೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹೇಳಿದರೆ ಒಬ್ಬ ತಾಯಿಯೂ ಮತ್ತೆ ಮಗುವನ್ನು ತನ್ನ ಕೈಗೆ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ತಾನು ಬೆಳಗಿನಿಂದ ಸಂಜೆಯವರೆಗೆ ಏನು ಎಂಬುದು ಗೊತ್ತಿರಲಿಲ್ಲ.

ಶನಿವಾರ ಹೆಕ್ಟರ್ ಬಂದ. ಯಶಸ್‌ನ ಅಪ್ಪ ಕಿರಣಕುಮಾರನೂ ಬಂದು ನಿಂತಿದ್ದ. ಅವನು ಊರಿನ ಸಂಶೋಧನಾ ಲ್ಯಾಬಿನಲ್ಲಿ ಎಂಜಿನಿಯರು, ತಪ್ಪು ಎಲ್ಲಾಗಿದೆ ಎಂದು ಕಣ್ಣಾರೆ ನೋಡಬೇಕೆಂದಿದ್ದ. ಹೆಕ್ಟರ್ ಮೊಣಕಾಲೂರಿ ಗಾಜು ಬಿಚ್ಚಿ, ಟಾರ್ಚು ಹಿಡಿದು ಒಳಗೆಲ್ಲ ನೋಡಿದ. ಆಮೇಲೆ ತೋರಿಸಿದ. ಕೊರಡುಗಳು ಮೊಳೆಯ ಮೇಲಿಲ್ಲ, ಉರಿಗೆ ಅಡ್ಡ ಬಂದಿವೆ. ಗ್ಯಾಸು ಪೂರ್ತಿ ಉರಿಯದೆ ಮಸಿ ಕಾರಿದೆ, ಆ ಮಸಿ ಕೊಳವೆಯನ್ನೂ ಕಟ್ಟಿದೆ. ಹೊರಗೆ ಹೋಗಬೇಕಾದ ಕೆಟ್ಟ ಗಾಳಿ, ಅಂಚಿನ ಹಗ್ಗ ಇಲ್ಲದ ಕಡೆಯಿಂದ ಕೋಣೆಗೆ ಬಂದಿದೆ.

ನಿಮ್ಮ ನಂತರ ಈ ಒಲೆಯನ್ನು ಯಾರೂ ಬಿಚ್ಚಿಲ್ಲ, ಇದು ನಿಮ್ಮದೇ ಕೆಲಸ ಎಂದು ಶಶಿಧರ ಇಂಗ್ಲಿಷಿನಲ್ಲಿ ಹೇಳಿದ. ಅವನ ದನಿ ಏರಿರಲಿಲ್ಲ, ಆದರೆ ಗಟ್ಟಿಯಾಗಿತ್ತು. ಕಿರಣಕುಮಾರ ಫೋನಿನಲ್ಲಿ ಫೋಟೋ ತೆಗೆಯುತ್ತ, ಅಂಗಡಿಯ ಮೇಲೆ ಕಂಪ್ಲೇಂಟು ಬರೆಯಲೇಬೇಕು ಎಂದ. ಹೆಕ್ಟರ್ ಬೋರಲಾಗಿದ್ದ ಕೊರಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ನಾನು ಹೀಗೆ ಇಡುವವನಲ್ಲ ಎಂದ. ಆಮೇಲೆ, ವಯಸ್ಸು ಅರವತ್ತೆಂಟಾಯಿತು, ಕಣ್ಣು ಮೊದಲಿನ ಹಾಗಿಲ್ಲ, ಇಟ್ಟಿದ್ದರೂ ಇಟ್ಟಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುವಂತೆ ಅಂದ.

ಗುರುಬಸವ್ವನಿಗೆ ಆ ಮಾತು ಅರ್ಥವಾಯಿತು. ಅವಳು ಬಾಗಿಲ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದಳು.

"ಶಶೀ, ಅವರದೇನೂ ತಪ್ಪಿಲ್ಲ ಅಂತ ಹೇಳು. ಕೊರಡು ನಾನು ಇಟ್ಟೀನಿ. ಆ ಹಗ್ಗಾನೂ ನಾನೇ ಕತ್ತರಿಸೀನಿ."

"ಅವ್ವಾ, ನೀ ಸುಮ್ನಿರು. ಆಮ್ಯಾಲೆ ಮಾತಾಡೂಣು."

ಮಗ ಹೇಳುವುದಿಲ್ಲ ಎಂದು ತಿಳಿದು ಅವಳು ಹೆಕ್ಟರನ ಕಡೆಗೇ ತಿರುಗಿದಳು. "ಐ ಡಿಡ್," ಎಂದಳು. "ನಾಟ್ ಯೂ. ಐ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಲಾರಮ್ಮಿನ ವಿಷಯ ಯಾರೂ ಕೇಳಿರಲಿಲ್ಲ. ಆದರೆ ಕಿರಣಕುಮಾರ ಫೋನು ಕೆಳಗಿಳಿಸಿ, ಆಂಟಿ ತಿಳಿಯದೆ ಮಾಡಿದ್ದು, ಅಲಾರಮ್ಮು ಕೇಳಿದ ಕೂಡಲೇ ಓಡಿದರಲ್ಲ, ಅದೇ ದೊಡ್ಡದು ಎಂದು ಸಮಾಧಾನ ಹೇಳತೊಡಗಿದ. ಆ ಸಮಾಧಾನವನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

"ಕೂಡ್ಲೇ ಓಡಿಲ್ರೀ," ಎಂದಳು. "ಅದು ಗ್ವಾಡಿ ಮ್ಯಾಲೂ ಇರಲಿಲ್ಲ. ನಾನೇ ತಗದು ಕೌದಿಯಾಗ ಮುಚ್ಚಿಟ್ಟಿದ್ದೆ. ಮೊದಲ ಸರ್ತಿ ಕೂಗಿದಾಗ ಬಾಯಿ ಮುಚ್ಚಿಸಿ ಬಾಗಲಾ ಹಾಕೀನಿ."

ಕಿರಣಕುಮಾರ ಕೇಳಿದ್ದು ಒಂದೇ. "ಎಷ್ಟು ಹೊತ್ತು?"

"ಹತ್ತು ನಿಮಿಷ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಕಾರು ಶುರುವಾದ ಸದ್ದು ಕೇಳಿಸಲು ಬಹಳ ಹೊತ್ತು ಹಿಡಿಯಿತು.

ಹೆಕ್ಟರ್ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಕೊಳವೆ ತೊಳೆದ, ಹೊಸ ಹಗ್ಗ ಅಂಟಿಸಿದ. ಕೊರಡುಗಳನ್ನು ಇಡುವಾಗ ಗುರುಬಸವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಮೊಳೆಗೆ ಯಾವ ತೂತು ಎಂದು ತೋರಿಸಿದ. ಉರಿಯ ಬುಡ ನೀಲಿ ಇರಬೇಕು, ಉರಿ ಕೊರಡನ್ನು ನೆಕ್ಕಬಾರದು. ಗಾಜು ಕಪ್ಪಾದರೆ ಒರೆಸುವುದಲ್ಲ, ಆರಿಸಿ ಫೋನು ಮಾಡುವುದು. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ತಲೆಯೆತ್ತಿ ಅವನ ಮುಖ ಮಾತ್ರ ನೋಡಲಿಲ್ಲ.

ಅಂದು ನಿವೇದಿತಾ ವರದಿಯನ್ನು ಹೊಸದಾಗಿ ಬರೆದಳು. ಬರೆಯುವಾಗ ಅತ್ತೆಯನ್ನು ಮೂರು ಪ್ರಶ್ನೆ ಕೇಳಿದಳು, ಮೂರಕ್ಕೂ ಉತ್ತರ ಬರೆದುಕೊಂಡಳು, ಅಷ್ಟೇ. ಇಂದುವಿಗೆ ಫೋನಿನಲ್ಲಿ ಹೇಳುವುದು ಬೇಡವೆಂದು ಗುರುಬಸವ್ವ ಮಗನ ಕಾರಿನಲ್ಲಿ ಅವಳ ಅಪಾರ್ಟ್‌ಮೆಂಟಿಗೆ ಹೋದಳು. ಎಲ್ಲ ಕೇಳಿಸಿಕೊಂಡ ಇಂದು ಅವಳನ್ನು ಕೂರು ಎನ್ನಲಿಲ್ಲ.

"ಆಫೀಸಲ್ಲೆಲ್ಲ ನಿಮ್ಮ ಬಗ್ಗೆನೇ ಹೇಳ್ಕೊಂಡು ಓಡಾಡಿದೀನಿ ಆಂಟಿ. ನಿಮ್ಮ ಕಾಲು ಮುಟ್ಟಿದೆ. ಆಗಾದ್ರೂ ಒಂದು ಮಾತು ಹೇಳ್ಬೋದಿತ್ತು."

ಗುರುಬಸವ್ವ ಕೈಮುಗಿದು ಬಂದಳು.

ಲೈಸೆನ್ಸಿನ ಆಫೀಸಿನವರು ಬಂದು ತಪ್ಪುಗಳನ್ನು ಕಾಗದದಲ್ಲಿ ಬರೆದು, ಆ ಕಾಗದವನ್ನು ಬಂದವರಿಗೆಲ್ಲ ಕಾಣುವಂತೆ ಬಾಗಿಲಲ್ಲಿ ಅಂಟಿಸಲು ಹೇಳಿದರು. ಅವಳು ತನ್ನ ಕೈಯಾರೆ ಅಂಟಿಸಿದಳು. ಮುಚ್ಚಿದ್ದ ಡೇಕೇರು ಐದು ವಾರದ ಮೇಲೆ ಮತ್ತೆ ತೆರೆದಾಗ ಬಂದವನು ಯಶಸ್ ಒಬ್ಬನೇ. ಕಿರಣಕುಮಾರ ಒಳಗೆ ಬಂದು ಒಲೆಯನ್ನೂ ಗೋಡೆಯನ್ನೂ ನೋಡಿ, ಮಗನನ್ನು ಬಿಟ್ಟು ಹೋದ. ಮೊದಲಿನ ಹಾಗೆ ಚಹಾ ಕುಡಿಯಲು ನಿಲ್ಲಲಿಲ್ಲ. ಅವನು ಹೋದ ಮೇಲೆ ಗುರುಬಸವ್ವ ಹುಡುಗನ ಕೋಟು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದಳು. ಪಕ್ಕದ ಮೂರು ಮೊಳೆಗಳು ಖಾಲಿ ಇದ್ದವು.

ಮಾರ್ಚಿನ ಒಂದು ಭಾನುವಾರ ಇಂಡಿಯನ್ ಗ್ರೋಸರಿಯಲ್ಲಿ ಅವಳು ಜೋಳದ ಹಿಟ್ಟಿನ ಚೀಲ ಆರಿಸುತ್ತಿದ್ದಳು. ಸಾಲಿನ ಆ ತುದಿಯಿಂದ ಮಾನ್ಯಾ ಅವಳನ್ನು ನೋಡಿ, "ಅಜ್ಜೀ," ಎಂದು ಕೂಗಿ ಓಡಿಬಂದು, ಎತ್ತಿಕೊಳ್ಳಲು ಎರಡೂ ಕೈ ಚಾಚಿ ನಿಂತಳು. ಮೊದಲಾಗಿದ್ದರೆ ಗುರುಬಸವ್ವ ಯಾರನ್ನೂ ಕೇಳದೆ ಎತ್ತಿಕೊಂಡು ಕೆನ್ನೆ ಹಿಂಡುತ್ತಿದ್ದಳು. ಈಗ ಅವಳು ತಳ್ಳುಗಾಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಚೆ ನಿಂತಿದ್ದ ಇಂದುವಿನ ಕಡೆ ನೋಡಿದಳು. ಇಂದು ಅಕ್ಕಿಯ ಮೂಟೆಗಳನ್ನು ನೋಡುತ್ತಿದ್ದಳು. ಮಗು ಕೈ ಚಾಚಿಕೊಂಡೇ ನಿಂತಿತ್ತು. ಒಬ್ಬರು ಗಾಡಿ ತಳ್ಳಿಕೊಂಡು ಬಂದು, ದಾರಿ ಬಿಡಿ ಎಂದು ಕೇಳಿ, ಇಬ್ಬರ ನಡುವೆ ಹಾದುಹೋದರು. ಗುರುಬಸವ್ವ ಎತ್ತಿಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. ತಾಯಿ ಈ ಕಡೆ ತಿರುಗಲಿ ಎಂದು ಕಾಯುತ್ತ ನಿಂತಳು.