ತಿರುಗಿ ನೋಡದ ಹಸಿರು ಜುಟ್ಟಿನವರು

ತರಕಾರಿ ಚೀಲ ಹಿಡಿದು ಹಿಡಿದು ನಮ್ಮ ಯಜಮಾನರ ಎಡಭುಜ ಒಂದಿಷ್ಟು ತಗ್ಗಿಬಿಟ್ಟಿತ್ತು. ಕೈಯಲ್ಲಿ ಚೀಲವಿಲ್ಲದಾಗಲೂ, ಜರಿ ಪಂಚೆಯುಟ್ಟು ಮದುವೆಮನೆಗೆ ಹೊರಟಾಗಲೂ, ಆ ಭುಜ ಮಾತ್ರ ತನಗೆ ಬದನೆಕಾಯಿಯ ಭಾರ ತಪ್ಪಿದ್ದಲ್ಲವೆಂಬ ನಂಬಿಕೆಯಲ್ಲೇ ಇರುತ್ತಿತ್ತು. ಜೀವನ್ ಬಿಮಾ ನಗರದ ನಮ್ಮ ಬೀದಿಗಷ್ಟೇ ಪರಿಚಿತವಾಗಿದ್ದ ಆ ನಡಿಗೆಯನ್ನು ಈಗ, ನಂಬಿದರೆ ನಂಬಿ, ಊರಿಗೆ ಊರೇ ನೋಡುತ್ತಿದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ನಸ್ರೀನ್ ಫ್ರೇಜರ್ ಟೌನಿನ ಹುಡುಗಿ. ಅಪ್ಪನದು ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ, ಮಗಳದು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಅವುಗಳನ್ನು ನಡೆಸುವ, ಕುಣಿಸುವ ಕೆಲಸ. ಅವಳ ಗೆಳೆಯರದೊಂದು ಪಂಕ್ ರಾಕ್ ಬ್ಯಾಂಡ್ ಇದೆ. ಪಂಕ್ ಅಂದರೇನಮ್ಮ ಎಂದು ಕೇಳಿದ್ದಕ್ಕೆ, “ಕೋಪ ಬಂದಾಗ ಶ್ರುತಿ ನೋಡ್ಕೊಂಡು ಕೂರಲ್ಲ ಆಂಟಿ, ಅಷ್ಟೇ” ಅಂದಳು. ಹಾಗಾದರೆ ಮದುವೆಯಾದಂದಿನಿಂದ ನಮ್ಮ ಅಡುಗೆಮನೆಯಲ್ಲಿ ನಡೆದು ಬಂದದ್ದೂ ಅದೇ ಸಂಗೀತವೇ ಎಂದುಕೊಂಡೆ. ಟಿನ್ ಫ್ಯಾಕ್ಟರಿ ಸರ್ಕಲ್ಲಿನ ವಾಹನಗಳ ನಡುವೆ ಸಿಕ್ಕಿಬಿದ್ದವನೊಬ್ಬ “ಜಾಗ ಬಿಡ್ರಪ್ಪಾ” ಎಂದು ಗಂಟಲು ಹರಿಯುವಂತೆ ಅರಚುವುದೇ ಅವರ ಹಾಡು. ಅದು ಅದ್ಯಾವ ಗಳಿಗೆಯಲ್ಲಿ ಹಿಟ್ ಆಯಿತೋ, ಇಂದಿರಾನಗರದ ಪಬ್ಬುಗಳಿಂದಿಳಿದು, ಜೋಗುಪಾಳ್ಯದ ಆಟೋಗಳನ್ನೇರಿ, ಈಗ ನಮ್ಮ ಬೀದಿಯ ಮಕ್ಕಳ ಬಾಯಲ್ಲೂ ಕುಣಿಯುತ್ತಿದೆ.

ಹಾಡಿನ ವಿಡಿಯೋ ಪೂರ್ತಿ ನಸ್ರೀನ್ ಬರೆದ ಚಿತ್ರಗಳದ್ದು. ಅದರಲ್ಲೊಬ್ಬ ಮುದುಕ ಹಲಸೂರು ಕೆರೆಯ ದಂಡೆಯಿಂದ ಹೊರಟು, ಕಾರುಗಳ ನೆತ್ತಿಯನ್ನೂ ಬಸ್ಸುಗಳ ಬೆನ್ನನ್ನೂ ತುಳಿದುಕೊಂಡು, ಯಾರಿಗೂ ಜಗ್ಗದೆ ನಡೆಯುತ್ತ ಹೋಗುತ್ತಾನೆ. ಕಾಲಿಗೆ ಬೂಟು, ತಲೆಯ ಮೇಲೆ ಹುಂಜದ ಹಾಗೆ ನಿಮಿರಿದ ಹಸಿರು ಜುಟ್ಟು. ಆದರೆ ಎಡಭುಜ ತಗ್ಗಿದೆ. ನಸ್ರೀನ್ ಮಹಡಿಯ ಮೇಲಿಂದ, ಹಾಲು ತರಲು ಹೊರಟ ನಮ್ಮವರನ್ನು ಅವರ ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ಹಿಡಿದಿದ್ದಳು. ಎರಡು ಹೆಜ್ಜೆ ಸರಿಯಾಗಿ ಬರೆದುಕೊಂಡರೆ ಸಾಕಂತೆ, ಅದನ್ನೇ ಮತ್ತೆ ಮತ್ತೆ ಓಡಿಸಿದರೆ ಮನುಷ್ಯ ಎಷ್ಟು ದೂರ ಬೇಕಾದರೂ ನಡೆಯುತ್ತಾನಂತೆ. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ನೋಡಿ ನಮ್ಮವರು ಬೋಳುತಲೆ ಸವರಿಕೊಂಡು, “ಜುಟ್ಟು ಇನ್ನೊಂದು ಸ್ವಲ್ಪ ಉದ್ದ ಇರ್ಲವ್ವಾ” ಎಂದು ನಕ್ಕಿದ್ದರು. ಬಣ್ಣ ತುಂಬುವ ಹೊತ್ತಿಗೆ ಅವರಿರಲಿಲ್ಲ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಗೋಡೆಯ ಮೇಲೆ ಅವರ ಫೋಟೋ ಇದೆ, ಹಾರವೂ ಇದೆ. ಆದರೆ ಸ್ಟುಡಿಯೋದವನು “ಭುಜ ನೆಟ್ಟಗೆ ಮಾಡಿ ಸಾರ್” ಅಂದದ್ದಕ್ಕೆ ಅವರು ಅಲ್ಲಿ ಯಾರೋ ದೊಡ್ಡ ಸಾಹೇಬರಂತೆ ಬಿಗಿದು ನಿಂತಿದ್ದಾರೆ. ಅವರನ್ನು ನೋಡಿದರೆ ನನಗೆ ಗೌರವ ಬರುತ್ತದೆ, ಅಳು ಬರುವುದಿಲ್ಲ. ನೀವೂ ಗಮನಿಸಿ ನೋಡಿ, ಜನಸಂದಣಿಯಲ್ಲಿ ನಮಗೆ ಬೇಕಾದವರು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಾಗುತ್ತಾರೆ. ಮುಖಕ್ಕೆ ನಾಲ್ಕು ಜನರೆದುರು ನಟಿಸುವುದು ಗೊತ್ತು, ಪಾಪ, ನಡಿಗೆಗೆ ಗೊತ್ತಿಲ್ಲ. ಹಾಗಾಗಿ ದಾವಣಗೆರೆಯಲ್ಲಿ ದೇವರನಾಮ ಕೇಳಿ ಬೆಳೆದ ನಾನು, ಕಿವಿ ಗುಯ್‌ಗುಡಿಸುವ ಈ ಹಾಡನ್ನು ಸದ್ದಡಗಿಸಿ ದಿನವೂ ನೋಡುತ್ತೇನೆ. ಅವರು ನಡೆಯುತ್ತಲೇ ಇರುತ್ತಾರೆ, ನನಗೆ ಬೆನ್ನು ಹಾಕಿಕೊಂಡು. ಒಮ್ಮೆ, ಒಂದೇ ಒಂದು ಸಲ, ಈ ಕಡೆ ನೋಡಬಾರದೇ ಎಂದು ಜೀವ ಹಂಬಲಿಸುತ್ತದೆ.

ನಾಚಿಕೆ ಬಿಟ್ಟು ನಸ್ರೀನಳನ್ನು ಕೇಳಿಯೇಬಿಟ್ಟೆ.

“ಬರೀತೀನಿ ಆಂಟಿ, ನಿಮಗೋಸ್ಕರ ಬೇರೆಯಾಗಿ ಮಾಡ್ಕೊಡ್ತೀನಿ. ಆದ್ರೆ ಅಂಕಲ್ ತಿರುಗಿದ್ದು ನನ್ನ ಹತ್ರ ಇಲ್ಲ. ನಾನೇ ಏನೋ ಒಂದು ಬರೆದ್ರೆ ಯಾರೋ ಬೇರೆಯವ್ರು ತಿರುಗಿದ ಹಾಗಿರತ್ತೆ. ನೀವು ಮಾಡಿ ತೋರಿಸ್ತೀರಾ?”

ಅವರು ತಿರುಗುವ ರೀತಿ ನನಗಲ್ಲದೆ ಇನ್ಯಾರಿಗೆ ಗೊತ್ತು? ಎಲ್ಲಿಗೆ ಹೋದರೂ ಅವರು ಮುಂದೆ, ಮಂಡಿನೋವಿನ ನಾನು ಹಿಂದೆ. ಜೊತೆಯಲ್ಲಿ ನಡೆಯಲು ಬಾರದ ಗಂಡನೆಂದು ಜನ್ಮವಿಡೀ ಗೊಣಗಿದ್ದೇನೆ. ಅಷ್ಟು ದೂರ ಹೋಗಿ ಗಕ್ಕನೆ ನಿಲ್ಲುವರು. ಮೈ ತಿರುಗುತ್ತಿರಲಿಲ್ಲ, ಮೊದಲು ಕತ್ತು, ಆಮೇಲೆ ಬಲಭುಜದ ಮೇಲಿಂದ ಗದ್ದ, ಕೊನೆಗೆ “ಬಂದ್ಯಾ?” ಎಂಬ ಒಂದು ಮಾತು. ಬರದೆ ಎಲ್ಲಿಗೆ ಹೋಗಲಿ ಎಂದು ನಾನು ಸಿಡುಕುತ್ತಿದ್ದೆ.

ನಸ್ರೀನ್ ಗೋಡೆಗೊರಗಿ ಮೊಬೈಲ್ ಹಿಡಿದಳು. ನಾನು ಸೆರಗು ಸಿಕ್ಕಿಸಿಕೊಂಡು, ಭುಜ ತಗ್ಗಿಸಿ, ನಡುಮನೆಯಿಂದ ಬಾಗಿಲ ಕಡೆ ಬಿರಬಿರನೆ ನಡೆದೆ. ನಗು ಬರುತ್ತಿತ್ತು. ಹೊಸ್ತಿಲ ಬಳಿ ಗಕ್ಕನೆ ನಿಂತೆ. ಕತ್ತು ತಿರುಗಿಸಿದೆ, ಗದ್ದ ಭುಜಕ್ಕೆ ತಂದೆ.

“ಬಂದ್ಯಾ?”

ಇಷ್ಟು ವರ್ಷ ಅವರು ಹೀಗೆ ತಿರುಗಿದಾಗಲೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದುದು ನಾನು. ಗೊಣಗುತ್ತ, ಕುಂಟುತ್ತ ಬರುತ್ತಿದ್ದ ನಾನು. ಈಗ ಅವರ ಜಾಗದಲ್ಲಿ ನಿಂತು ನೋಡಿದರೆ ಅಲ್ಲಿ ಯಾರೂ ಬರುತ್ತಿರಲಿಲ್ಲ.

“ಸಾಕು ಆಂಟಿ, ಚೆನ್ನಾಗಿ ಬಂತು. ಈಗ ಮುಂದಕ್ಕೆ ತಿರುಗಿ ನಡೀರಿ” ಅಂದಳು ನಸ್ರೀನ್.

ನನ್ನಿಂದಾಗಲಿಲ್ಲ. ನಾನು ಹತ್ತಿರ ಬರುವತನಕ ಅವರು ಒಂದು ದಿನವೂ ಮುಂದಕ್ಕೆ ಹೆಜ್ಜೆ ಇಟ್ಟವರಲ್ಲ.