ಅಮ್ಮನ ಮಿಷನ್ನಿಗೆ ಚಿಕ್ಕ ಚಕ್ರ

ಮೊನ್ನೆ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಹೊಸ ಚರ್ಮದ ಬೆಲ್ಟಿನ ವಾಸನೆ ಮೂಗಿಗೆ ಬಡಿದದ್ದೇ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಿದ್ದುದು ಕಣ್ಣಮುಂದೆ ಬಂತು.

ಒಮ್ಮೆ ವಿಪರೀತ ಜ್ವರ ಬಂದು ಅಮ್ಮನ ಬಲಗಾಲು ಸೋತುಹೋಯಿತು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಮರುಗಿ, ಮಿಷನ್ನಿನಲ್ಲಿ ಬೆಲ್ಟ್ ಸುತ್ತುವ ಮೇಲಿನ ಚಕ್ರವನ್ನು ತೆಗೆದು ದೊಡ್ಡದೊಂದನ್ನು ಕೂರಿಸಿದರು. ತುಳಿಯುವುದು ಹಗುರವಾಯಿತು, ಆದರೆ ಸೂಜಿ ನಿಧಾನವಾಯಿತು. ದೀಪಾವಳಿಗೆ ಹೊಲಿಯಬೇಕಾದ ರವಿಕೆ ಬಟ್ಟೆಗಳು ರಾಶಿ ಬಿದ್ದವು.

"ಇದು ಬ್ಯಾಡ. ಮೊದ್ಲಿದ್ದುದಕ್ಕಿಂತ ಚಿಕ್ಕದು ಮಾಡ್ಕೊಡಿ" ಎಂದರು ಅಮ್ಮ.

"ಇನ್ನೂ ಬಿಗಿ ಆಯ್ತದೆ ಕಣೇ. ಕಾಲು ತಡೀತದಾ?"

"ಅದ್ನ ನನ್ ಕಾಲು ನೋಡ್ಕೊಂತದೆ. ನೀವು ಚಕ್ರ ನೋಡ್ಕಳಿ."

ಅಪ್ಪ ಚಿಕ್ಕ ಚಕ್ರ ಮಾಡಿಕೊಟ್ಟರು. ಮೊದಮೊದಲು ಒಂದು ತೋಳು ಹೊಲಿಯುವಷ್ಟರಲ್ಲಿ ಅಮ್ಮ ಬೆವರಿ, ತೊಡೆ ಹಿಡಿದು ಕೂರುತ್ತಿದ್ದರು. ಉಸಿರು ತಿರುಗಿದ್ದೇ ಮತ್ತೆ ತುಳಿಯುತ್ತಿದ್ದರು. ಹಬ್ಬಕ್ಕೆ ಮೊದಲೇ ರವಿಕೆಗಳೆಲ್ಲ ಮುಗಿದವು. ಸಂಕ್ರಾಂತಿಯ ಹೊತ್ತಿಗೆ ಕಾಲಿಗೂ ಬಲ ಬಂದು, ಮಾರಿಕುಪ್ಪಂ ಸ್ಟೇಷನ್ನಿಗೆ ನಮ್ಮೆಲ್ಲರಿಗಿಂತ ಮುಂದಾಗಿ ನಡೆದರು.

"ಎಂಗ್ ಓಯ್ತಾವ್ಳೆ ನೋಡೇ ನಿಮ್ಮಮ್ಮ!" ಎಂದು ಅಪ್ಪ ನನ್ನ ಕೈ ಹಿಡಿದು ನಕ್ಕರು.

ನನಗೀಗ ಮಂಡಿ ನೋವು. ಆದರೂ ಮೊನ್ನೆ ಆ ಅಂಗಡಿಯಿಂದ ಆಟೋ ಕರೆಯದೆ ಮನೆಯವರೆಗೂ ನಡೆದೇ ಬಂದೆ.