ಗಣಿ ಬರುತ್ತದೆಂದು ಅಪ್ಪ ಟೈರು ನೇತುಹಾಕಿದ್ದು

ಗುಬ್ಬಿ ಪೇಟೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುವುದು ನಮ್ಮಪ್ಪನ ಕಸುಬು. ಎಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಜೀಪಿನಲ್ಲಿ ಬಂದವರು ಊರಾಚೆಯ ಗುಡ್ಡದಿಂದ ಒಂದಿಷ್ಟು ಕಲ್ಲು ಒಡೆದುಕೊಂಡು ಹೋದರು. ಸಂಜೆಯೊಳಗೆ ಅಲ್ಲಿ ಕಬ್ಬಿಣದ ಗಣಿ ಬಂದೇಬಿಟ್ಟಿತ್ತು, ನಮ್ಮೂರವರ ಬಾಯಲ್ಲಿ. ಟೀ ಅಂಗಡಿಯವನು ಹೊಸ ಬೆಂಚು ಮಾಡಿಸಿದ. ನಮ್ಮ ಮನೆ ಮಾಲೀಕರು, ಇನ್ನು ಆಫೀಸರುಗಳೇ ಬಾಡಿಗೆಗೆ ಬರುತ್ತಾರೆಂದು, ನಮ್ಮನ್ನು ಕಂಡರೆ ನಗುವುದನ್ನೇ ನಿಲ್ಲಿಸಿದರು.

ನಮ್ಮ ಮನೆಯ ಲೆಕ್ಕಾಚಾರ ಬೇರೆ. ಅದಿರು ಸಾಗಿಸಲು ಲಾರಿ ಬರುತ್ತವೆ. ಲಾರಿ ಬಂದರೆ ರೈತರ ತೆಂಗಿನಕಾಯಿಯೂ ಅದರಲ್ಲೇ ಹೋಗುತ್ತದೆ. ಆಮೇಲೆ ಗಾಡಿ ಯಾರಿಗೆ ಬೇಕು, ಎತ್ತು ಯಾರಿಗೆ ಬೇಕು?

"ಲಾರಿಗೆ ಗೊರಸು ಇರಲ್ಲ ಕಣೇ," ಎಂದ ಅಪ್ಪ, ಅಮ್ಮನಿಗೆ ಗೊತ್ತಿಲ್ಲದ ವಿಷಯವೆಂಬಂತೆ.

"ಟೈರ್ ಇರತ್ತಲ್ಲ! ಬಟವಾಡಿಲಿ ನಮ್ಮಣ್ಣ ಪಂಕ್ಚರ್ ಹಾಕ್ತಾ ಇಲ್ವಾ? ಹೋಗಿ ಕಲ್ತ್ಕೊಂಡು ಬನ್ನಿ," ಎಂದಳು ಅಮ್ಮ.

ಅಪ್ಪ ಕಲಿತೇ ಬಂದ. ತನ್ನ ಲಾಳದ ಅಂಗಡಿ ಮುಂದೆ ಹಳೆಯ ಲಾರಿ ಟೈರೊಂದನ್ನು ನೇತುಹಾಕಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಟೀ ಅಂಗಡಿಯವನು ನಕ್ಕ, ಹೊಸ ಬೆಂಚಿನ ಮೇಲೆ ತಾನೊಬ್ಬನೇ ಕೂತುಕೊಂಡು.

ಲಾರಿ ಬರಲಿಲ್ಲ. ಟೈರು ಕಂಡ ರೈತರು, ಸಾಬರು ಲಾಳದ ಕೆಲಸ ಬಿಟ್ಟರೆಂದುಕೊಂಡು, ಎತ್ತುಗಳನ್ನು ನಿಟ್ಟೂರಿಗೆ ಹೊಡೆದುಕೊಂಡು ಹೋಗತೊಡಗಿದರು. ಮನೆಯ ಸಾರು ದಿನೇ ದಿನೇ ತೆಳ್ಳಗಾಯಿತು. ನನಗೆ ಆ ಟೈರಿನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಶಾಲೆಗೆ ಹೋಗುವಾಗಲೆಲ್ಲ ಅದಕ್ಕೊಂದು ಗುದ್ದು ಕೊಟ್ಟೇ ಹೋಗುತ್ತಿದ್ದೆ.

ಕೊನೆಗೂ ಒಂದು ಗಿರಾಕಿ ಬಂತು. ಅದೇ ಜೀಪು, ಹಿಂದಿನ ಚಕ್ರದ ಗಾಳಿ ಹೋಗಿತ್ತು. ಅಪ್ಪ ಬಿಸ್ಮಿಲ್ಲಾ ಎಂದು ತೇಪೆ ಹಾಕಿ, "ಗಣಿ ಯಾವಾಗ ಶುರು ಸ್ವಾಮಿ?" ಎಂದು ಕೇಳಿದ.

"ಎಲ್ಲಿ ಗಣಿ? ಆ ಕಲ್ಲಲ್ಲಿ ಕಬ್ಬಿಣ ಸಾಲ್ದು ಕಣಯ್ಯ. ಲಾರಿ ಬಾಡಿಗೆನೂ ಗಿಟ್ಟಲ್ಲ," ಎಂದು ಜೀಪಿನವರು ಹೊರಟುಹೋದರು. ಗಣಿಯಿಂದ ನಮ್ಮೂರಿಗೆ ಆದ ಒಟ್ಟು ಲಾಭ ಒಂದು ಪಂಕ್ಚರ್.

ಅಪ್ಪ ಟೈರು ಇಳಿಸಿದ. ಸಂತೆಯ ದಿನ ಸುತ್ತಿಗೆ, ಮೊಳೆ, ಲಾಳ, ಹಗ್ಗಗಳನ್ನು ಹರಡಿಕೊಂಡು ಗಾಡಿಗಳು ಬರುವ ದಾರಿಯಲ್ಲಿ ಕೂತ. ಬುತ್ತಿ ಕೊಡಲು ಹೋದ ನಾನೂ ಪಕ್ಕದಲ್ಲಿ ಕೂತೆ. ಗಾಡಿಯ ಹಿಂದೆ ಗಾಡಿ ದಾಟಿ ಹೋಯಿತು, ಯಾರೂ ನಿಲ್ಲಿಸಲಿಲ್ಲ. ಅಪ್ಪ ನನ್ನ ಮುಖ ನೋಡದೆ, ಒರೆಸಿದ ಸುತ್ತಿಗೆಯನ್ನೇ ಮತ್ತೆ ಒರೆಸುತ್ತಿದ್ದ. ನನಗೆ ಅಳು ಬರುವಂತಾಗಿತ್ತು.

ಅಷ್ಟರಲ್ಲಿ ಬಂದ ಒಂದು ಗಾಡಿಯ ಎಡಗಡೆಯ ಎತ್ತು ಅಪ್ಪನನ್ನು ಕಂಡದ್ದೇ ಗಕ್ಕನೆ ನಿಂತಿತು. ಬುಸುಗುಟ್ಟಿ, ಮೂಗುದಾರ ಜಗ್ಗಿ, ಗಾಡಿಯನ್ನೇ ಹಿಂದಕ್ಕೆ ತಳ್ಳತೊಡಗಿತು. ಹಗ್ಗ ಹಾಕಿ ಕೆಡವಿ ಕಾಲಿಗೆ ಮೊಳೆ ಹೊಡೆದವನನ್ನು ಅದು ಮರೆಯುತ್ತದೆಯೇ?

ಗಾಡಿಯ ರೈತ ಕೆಳಗಿಳಿದ. "ಏನ್ ಸಾಬ್ರೇ, ಲಾಳ ಕಟ್ಟೋದು ಬುಟ್‌ಬುಟ್ರಿ ಅಂದ್ರಲ್ಲ?"

"ನಾನೆಲ್ಲಿ ಬಿಟ್ಟೆ? ನಿಮ್ಮೆತ್ತನ್ನೇ ಕೇಳಿ," ಎಂದ ಅಪ್ಪ. ಹಾಗೆನ್ನುತ್ತ ಎದ್ದು, ಕಣ್ಣೊರೆಸಿಕೊಂಡು, ತನ್ನ ಹಗ್ಗದ ಸುರುಳಿ ಬಿಚ್ಚತೊಡಗಿದ.